ಎಕ್ಸ್‌ಟೆಂಡರ್ ಹಾಕಿದ ಮೇಲೆ ಸಿಗ್ನಲ್ ಫುಲ್, ಆದರೆ ನೆಟ್ ಓಡುತ್ತಿಲ್ಲ. ಯಾಕೆ?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ರೂಟರ್ ಇರುವುದು ಮುಂದಿನ ಹಾಲ್‌ನಲ್ಲಿ, ನಾನು ಕೂತು ಕೆಲಸ ಮಾಡುವುದು ಹಿಂದಿನ ಕೋಣೆಯಲ್ಲಿ. ನಡುವೆ ಎರಡು ದಪ್ಪ ಗೋಡೆ. ಅಲ್ಲಿ ವೈ-ಫೈ ಒಂದು ಕಡ್ಡಿ ಬಂದರೆ ಹೆಚ್ಚು, ಬಾಗಿಲು ಹಾಕಿದರೆ ಅದೂ ಇಲ್ಲ. ಅದಕ್ಕೇ ಒಂದು ರೇಂಜ್ ಎಕ್ಸ್‌ಟೆಂಡರ್ (ರೂಟರ್ ಸಿಗ್ನಲ್ ಹಿಡಿದು ಮುಂದಕ್ಕೆ ಹರಡುವ ಸಾಧನ) ತಂದು ನನ್ನ ಮೇಜಿನ ಪಕ್ಕದ ಪ್ಲಗ್‌ಗೇ ಹಾಕಿದೆ.

ಮೊದಲು ಡಬ್ಲ್ಯುಪಿಎಸ್ (ಪಾಸ್‌ವರ್ಡ್ ಇಲ್ಲದೆ ಬಟನ್ ಒತ್ತಿ ಜೋಡಿಸುವ ವಿಧಾನ) ಕೈಕೊಟ್ಟಿತು. ರೂಟರ್ ಬಟನ್ ಒತ್ತಿ, ಓಡಿ ಬಂದು ಎಕ್ಸ್‌ಟೆಂಡರ್ ಬಟನ್ ಒತ್ತಿದರೆ ಲೈಟ್ ಸ್ವಲ್ಪ ಹೊತ್ತು ಮಿನುಗಿ ಕೆಂಪಾಗುತ್ತಿತ್ತು. ನಾಲ್ಕು ಸಲವೂ ಹೀಗೇ. ಕೊನೆಗೆ ಫೋನಿನ ಬ್ರೌಸರ್‌ನಲ್ಲಿ ಸೆಟಪ್ ಪೇಜ್ ತೆರೆದು, ವೈ-ಫೈ ಪಾಸ್‌ವರ್ಡ್ ಕೊಟ್ಟು ಕನೆಕ್ಟ್ ಮಾಡಿದೆ. ಈಗ ಲ್ಯಾಪ್‌ಟಾಪ್‌ನಲ್ಲಿ ಕಡ್ಡಿಗಳೆಲ್ಲಾ ತುಂಬಿವೆ. ಆದರೆ ಹಾಲ್‌ನಲ್ಲಿ 90 ಎಂಬಿಪಿಎಸ್ ಬರುವ ಸ್ಪೀಡ್ ಇಲ್ಲಿ 4 ಬರುತ್ತದೆ. ವಿಡಿಯೋ ಕಾಲ್‌ನಲ್ಲಿ ಎದುರಿನವರ ಮಾತು ಅರ್ಧರ್ಧ ಕೇಳಿಸುತ್ತದೆ. ಸಿಗ್ನಲ್ ಇಷ್ಟು ಚೆನ್ನಾಗಿದ್ದೂ ನೆಟ್ ಯಾಕಿಲ್ಲ? ಪೀಸೇ ಸರಿ ಇಲ್ವಾ, ವಾಪಸ್ ಕೊಟ್ಟುಬಿಡಲಾ?

ಉತ್ತರ 1:

ವಾಪಸ್ ಕೊಡಬೇಡಿ, ಮೊದಲು ಜಾಗ ಬದಲಿಸಿ. ನಿಮಗೆ ಕಾಣುತ್ತಿರುವ ಕಡ್ಡಿಗಳು ಲ್ಯಾಪ್‌ಟಾಪ್‌ಗೂ ಎಕ್ಸ್‌ಟೆಂಡರ್‌ಗೂ ನಡುವಿನವು. ಎರಡೂ ಒಂದೇ ಮೇಜಿನ ಹತ್ತಿರ ಇದ್ದ ಮೇಲೆ ಫುಲ್ ಇರಲೇಬೇಕು ಅಲ್ವಾ? ಎಕ್ಸ್‌ಟೆಂಡರ್‌ಗೆ ರೂಟರ್‌ನಿಂದ ಎಷ್ಟು ಬರುತ್ತಿದೆ ಅನ್ನುವುದನ್ನು ಆ ಕಡ್ಡಿ ಹೇಳುವುದಿಲ್ಲ. ದೂರದಲ್ಲಿ ನಿಂತವರ ಮಾತು ಅರ್ಧ ಕೇಳಿಸಿಕೊಂಡವನು ಅದನ್ನೇ ಜೋರಾಗಿ ಕೂಗಿ ಹೇಳಿದ ಹಾಗೆ: ದನಿ ದೊಡ್ಡದು, ಮಾತು ಅರ್ಧವೇ. ಸಿಗ್ನಲ್ ಸಾಯುವ ಜಾಗದಲ್ಲಿ ಎಕ್ಸ್‌ಟೆಂಡರ್ ಇಡಬಾರದು, ಸಿಗ್ನಲ್ ಇನ್ನೂ ಗಟ್ಟಿ ಇರುವ ಜಾಗದಲ್ಲಿ ಇಡಬೇಕು. ತುಂಬಾ ಜನ ಇಲ್ಲೇ ಎಡವುತ್ತಾರೆ, ನಾನೂ ಮೊದಲ ಸಲ ಮಲಗುವ ಕೋಣೆಯಲ್ಲೇ ಇಟ್ಟು ಒಂದು ವಾರ ಒದ್ದಾಡಿದ್ದೆ.

ಜಾಗ ಹುಡುಕುವುದು ಹೀಗೆ. ಎಕ್ಸ್‌ಟೆಂಡರ್ ಪ್ಲಗ್ ತೆಗೆದುಬಿಡಿ. ಫೋನ್‌ಗೆ ಯಾವುದಾದರೂ ವೈ-ಫೈ ಅನಲೈಸರ್ ಆ್ಯಪ್ ಹಾಕಿಕೊಂಡು ಹಾಲ್‌ನಿಂದ ನಿಮ್ಮ ಕೋಣೆ ಕಡೆ ನಿಧಾನಕ್ಕೆ ನಡೆಯಿರಿ. ಡಿಬಿಎಂ (ಸಿಗ್ನಲ್ ಬಲದ ಅಳತೆ) ಲೆಕ್ಕದಲ್ಲಿ ಮೈನಸ್ ಸಂಖ್ಯೆ ಕಾಣುತ್ತದೆ, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ರೂಟರ್ ಪಕ್ಕದಲ್ಲಿ -40 ಆಸುಪಾಸು ಇರುತ್ತದೆ. -60ರಿಂದ -65ರ ಒಳಗೆ ಎಲ್ಲಿ ಪ್ಲಗ್ ಸಿಗುತ್ತದೋ ಅಲ್ಲಿ ಹಾಕಿ. -75 ದಾಟಿದ ಜಾಗದಲ್ಲಿ ಇಟ್ಟರೆ ಸುಮ್ನೆ ಕರೆಂಟ್ ದಂಡ. ಫ್ರಿಜ್ ಹಿಂದೆ, ಕಬ್ಬಿಣದ ಬೀರು ಪಕ್ಕ, ದೊಡ್ಡ ಕನ್ನಡಿ ಎದುರು ಬೇಡ. ಮೈಕ್ರೋವೇವ್ ಹತ್ತಿರವಂತೂ ಬೇಡವೇ ಬೇಡ, ಅದು ಕೆಲಸ ಮಾಡುವುದೂ 2.4 ಗಿಗಾಹರ್ಟ್ಸ್ ಆಸುಪಾಸಿನಲ್ಲೇ.

ಇನ್ನೊಂದು ಮಾತು. ಬ್ಯಾಂಡ್ ಅಂದರೆ 2.4 ಅಥವಾ 5 ಗಿಗಾಹರ್ಟ್ಸ್‌ನಂಥ ರೇಡಿಯೋ ಪಟ್ಟಿ. ಎಕ್ಸ್‌ಟೆಂಡರ್ ಒಂದೇ ಬ್ಯಾಂಡ್‌ನದ್ದಾದರೆ, ಅದೇ ರೇಡಿಯೋ ರೂಟರ್ ಮಾತನ್ನೂ ಕೇಳಬೇಕು, ನಿಮಗೂ ಹೇಳಬೇಕು, ಹಾಗಾಗಿ ಎಷ್ಟೇ ಒಳ್ಳೆಯ ಜಾಗದಲ್ಲಿಟ್ಟರೂ ಸ್ಪೀಡ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಡ್ಯುಯಲ್ ಬ್ಯಾಂಡ್ ಇದ್ದರೆ ರೂಟರ್ ಕಡೆಗೆ 5 ಗಿಗಾಹರ್ಟ್ಸ್, ಲ್ಯಾಪ್‌ಟಾಪ್ ಕಡೆಗೆ 2.4 ಅಂತ ಪ್ರಯತ್ನಿಸಿ. ಆದರೆ 5 ಗೋಡೆ ದಾಟುವುದರಲ್ಲಿ ದುರ್ಬಲ, ಆದ್ದರಿಂದ ಅದಕ್ಕೆ ರೂಟರ್ ಕಡೆ ಆದಷ್ಟು ತೆರೆದ ದಾರಿ ಬೇಕು.

ಉತ್ತರ 2:

ಜಾಗದ ವಿಷಯ ಮೇಲೆ ಸರಿಯಾಗಿ ಹೇಳಿದ್ದಾರೆ. ಡಬ್ಲ್ಯುಪಿಎಸ್ ಬಗ್ಗೆ ನಾನು ಹೇಳುತ್ತೇನೆ. ನಿಮ್ಮ ರೂಟರ್ ಸೆಕ್ಯುರಿಟಿ ಡಬ್ಲ್ಯುಪಿಎ3 (ವೈ-ಫೈ ಭದ್ರತೆಯ ಹೊಸ ವಿಧಾನ, ಡಬ್ಲ್ಯುಪಿಎ2 ಅದರ ಹಿಂದಿನದು) ಮಾತ್ರ ಅಂತ ಇದೆಯಾ ನೋಡಿ. ಡಬ್ಲ್ಯುಪಿಎ3ಯಲ್ಲಿ ಡಬ್ಲ್ಯುಪಿಎಸ್ ನಡೆಯುವುದಿಲ್ಲ. ಡಬ್ಲ್ಯುಪಿಎ2 ಮತ್ತು 3 ಎರಡೂ ಸೇರಿದ ಮೋಡ್‌ಗೆ ಇಟ್ಟರೆ ಹಳೆಯ ಎಕ್ಸ್‌ಟೆಂಡರ್‌ಗಳೂ ಸೇರಿಕೊಳ್ಳುತ್ತವೆ. ಕೆಲವು ರೂಟರ್‌ಗಳಲ್ಲಿ ಡಬ್ಲ್ಯುಪಿಎಸ್ ಮೊದಲಿಂದಲೇ ಆಫ್ ಇರುತ್ತದೆ. ಬಟನ್ ಒತ್ತಿದ ಮೇಲೆ 2 ನಿಮಿಷದೊಳಗೆ ಇನ್ನೊಂದು ಒತ್ತಬೇಕು ಅನ್ನುವುದೂ ನೆನಪಿರಲಿ. ನನ್ನನ್ನು ಕೇಳಿದರೆ ನೀವು ಮಾಡಿದ ದಾರಿಯೇ ಒಳ್ಳೆಯದು: ಬ್ರೌಸರ್‌ನಿಂದ ಪಾಸ್‌ವರ್ಡ್ ಕೊಟ್ಟು ಮಾಡಿದರೆ ಏನಾಗುತ್ತಿದೆ ಅಂತ ಕಣ್ಣಿಗೆ ಕಾಣುತ್ತದೆ. ಮುಂದಿನ ಸಲ ರೂಟರ್ ಇರುವ ಕೋಣೆಯಲ್ಲೇ ಇಟ್ಟು ಸೆಟಪ್ ಮುಗಿಸಿ, ಆಮೇಲೆ ಪ್ಲಗ್ ಕಿತ್ತು ಜಾಗಕ್ಕೆ ಒಯ್ಯಿರಿ. ಸೆಟ್ಟಿಂಗ್ ಎಲ್ಲೂ ಹೋಗುವುದಿಲ್ಲ.

ಸೆಟಪ್ ಮಾಡುವಾಗ 5 ಗಿಗಾಹರ್ಟ್ಸ್ ಹೆಸರೇ ಪಟ್ಟಿಯಲ್ಲಿ ಕಾಣದಿದ್ದರೆ ರೂಟರ್‌ನ ಚಾನೆಲ್ (ಬ್ಯಾಂಡ್‌ನೊಳಗಿನ ಸಣ್ಣ ಭಾಗ) ನೋಡಿ. 52ರಿಂದ 144ರ ನಡುವಿನ ಚಾನೆಲ್‌ಗಳು ರೇಡಾರ್ ಜೊತೆ ಹಂಚಿಕೊಂಡವು, ಅವನ್ನು ಹಿಡಿಯದ ಎಕ್ಸ್‌ಟೆಂಡರ್‌ಗಳು ಇವೆ. 36, 40, 44, 48ರಲ್ಲಿ ಒಂದಕ್ಕೆ ಇಡಿ. 2.4ರಲ್ಲಿ 1, 6, 11 ಬಿಟ್ಟು ಬೇರೆ ಹಾಕಬೇಡಿ, ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ. ಎಕ್ಸ್‌ಟೆಂಡರ್‌ನ ಅಡ್ಮಿನ್ ಪಾಸ್‌ವರ್ಡ್ ದಯವಿಟ್ಟು ಇವತ್ತೇ ಬದಲಿಸಿ, ಬಾಕ್ಸ್ ಮೇಲೆ ಬರೆದಿದ್ದನ್ನೇ ಬಿಡಬೇಡಿ.

ಪ್ರಶ್ನೆ ಕೇಳಿದವರು:

ತುಂಬಾ ಥ್ಯಾಂಕ್ಸ್. ಪ್ಯಾಸೇಜ್‌ನಲ್ಲಿ ಒಂದು ಪ್ಲಗ್ ಇತ್ತು, ಅಲ್ಲಿ -62 ತೋರಿಸಿತು, ಅಲ್ಲಿಗೇ ಹಾಕಿದೆ. ಈಗ ಕೋಣೆಯಲ್ಲಿ ಕಡ್ಡಿ ಒಂದು ಕಡಿಮೆಯಾಗಿದೆ, ಸ್ಪೀಡ್ ಮಾತ್ರ 38! ಬೆಳಿಗ್ಗೆಯ ಕಾಲ್ ಒಂದು ಸಲವೂ ಕಟ್ ಆಗಲಿಲ್ಲ. ರೂಟರ್ ಡಬ್ಲ್ಯುಪಿಎ3ಯಲ್ಲೇ ಇತ್ತು, ಎರಡೂ ಸೇರಿದ ಮೋಡ್‌ಗೆ ಬದಲಿಸಿದೆ. ಇನ್ನೊಂದೇ ತೊಂದರೆ: ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟಿದ್ದೇನೆ. ಹಾಲ್‌ನಿಂದ ಫೋನ್ ಹಿಡಿದು ಕೋಣೆಗೆ ಬಂದರೆ ಅದು ಹಾಲ್‌ನ ರೂಟರ್ ಸಿಗ್ನಲ್‌ಗೇ ಅಂಟಿಕೊಂಡಿರುತ್ತದೆ. ಹೆಸರು ಬೇರೆ ಮಾಡಬೇಕಾ?

ಉತ್ತರ 3:

ಯಾವ ಸಿಗ್ನಲ್ ಬಿಟ್ಟು ಯಾವುದಕ್ಕೆ ಹೋಗಬೇಕು ಅಂತ ತೀರ್ಮಾನ ಮಾಡುವುದು ಫೋನೇ, ಎಕ್ಸ್‌ಟೆಂಡರ್ ಅಲ್ಲ. ಹಳೆಯದು ತೀರಾ ಕೆಡುವ ತನಕ ಎಷ್ಟೋ ಫೋನ್‌ಗಳು ಬಿಡುವುದಿಲ್ಲ. ವೈ-ಫೈ ಆಫ್ ಮಾಡಿ ಆನ್ ಮಾಡಿದರೆ ಹತ್ತಿರದ್ದನ್ನು ಹಿಡಿಯುತ್ತದೆ. ಮನೆ ತುಂಬಾ ಓಡಾಡುವ ಫೋನ್‌ಗಳಿಗೆ ಒಂದೇ ಹೆಸರು ಅನುಕೂಲ, ಒಂದೇ ಕಡೆ ಕೂರುವ ಲ್ಯಾಪ್‌ಟಾಪ್‌ಗೆ ಬೇರೆ ಹೆಸರು ಅನುಕೂಲ. ನಿಮ್ಮದು ಕೋಣೆಯ ಕೆಲಸವೇ ಮುಖ್ಯ, ಹಾಗಾಗಿ ನಾನಾದರೆ ಹೆಸರು ಬೇರೆ ಮಾಡುತ್ತೇನೆ.

ಆದರೆ ಹಾಲ್‌ನಿಂದ ಒಂದು ಲ್ಯಾನ್ ಕೇಬಲ್ ಎಳೆಯಲು ಸಾಧ್ಯವಿದ್ದರೆ ಈ ತಾಪತ್ರಯದಲ್ಲಿ ಮುಕ್ಕಾಲು ಪಾಲು ಮುಗಿಯುತ್ತದೆ. ಕೇಬಲ್ ಚುಚ್ಚಿ ಎಕ್ಸ್‌ಟೆಂಡರನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ಗೆ (ಕೇಬಲ್‌ನಿಂದ ನೆಟ್ ಪಡೆದು ವೈ-ಫೈ ಹರಡುವ ಮೋಡ್) ಹಾಕಿದರೆ ಅರ್ಧ ಸ್ಪೀಡ್ ಹೋಗುವ ಪ್ರಶ್ನೆಯೇ ಬರುವುದಿಲ್ಲ, ಆಗ ಅದನ್ನು ನಿಮ್ಮ ಮೇಜಿನ ಪಕ್ಕದಲ್ಲೇ ಇಟ್ಟುಕೊಳ್ಳಬಹುದು. ಎರಡು ವಿಷಯ ನೋಡಿಕೊಳ್ಳಿ: ಎಷ್ಟೋ ಎಕ್ಸ್‌ಟೆಂಡರ್‌ಗಳ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ನದ್ದು, ನಿಮ್ಮ 90ಕ್ಕೆ ಅದು ಸಾಕು. ಡಿಎಚ್‌ಸಿಪಿ (ಪ್ರತಿ ಸಾಧನಕ್ಕೂ ಐಪಿ, ಅಂದರೆ ನೆಟ್‌ವರ್ಕ್ ವಿಳಾಸ, ಕೊಡುವ ಸೌಲಭ್ಯ) ರೂಟರ್‌ನಲ್ಲಿ ಮಾತ್ರ ಆನ್ ಇರಲಿ. ಎರಡೂ ಕಡೆ ಆನ್ ಇದ್ದರೆ ಇಬ್ಬರೂ ಐಪಿ ಹಂಚುತ್ತಾರೆ, ನೆಟ್ ಒಮ್ಮೆ ಬರುತ್ತದೆ, ಒಮ್ಮೆ ಬರುವುದಿಲ್ಲ, ಕಾರಣ ಹುಡುಕುವಷ್ಟರಲ್ಲಿ ದಿನವೇ ಹೋಗುತ್ತದೆ.

ಪ್ರಶ್ನೆ ಕೇಳಿದವರು:

ಬಾಗಿಲ ಕೆಳಗೆ ಕೇಬಲ್ ಹೋಗುವಷ್ಟು ಸಂದು ಇದೆ, ಅಳತೆ ತೆಗೆದುಕೊಂಡೆ. ಭಾನುವಾರ ಎಳೆಯುತ್ತೇನೆ. ಅಲ್ಲಿಯವರೆಗೆ ಹೆಸರು ಬೇರೆ ಮಾಡಿ ಲ್ಯಾಪ್‌ಟಾಪನ್ನು ಎಕ್ಸ್‌ಟೆಂಡರ್‌ಗೇ ಕಟ್ಟಿಹಾಕಿದ್ದೇನೆ. ಕೇಬಲ್ ಹಾಕಿದ ಮೇಲೆ ಸ್ಪೀಡ್ ಎಷ್ಟು ಬಂತು ಅಂತ ಇಲ್ಲೇ ಬರೆಯುತ್ತೇನೆ.