ಮಕ್ಕಳ ನ್ಯೂರಾಲಜಿ ಪೋಸ್ಟಿಂಗ್‌ಗೆ ತಯಾರಿ ಹೇಗೆ?

ಪ್ರಶ್ನೆ: ನಾನು ಎಂ.ಡಿ. ಪೀಡಿಯಾಟ್ರಿಕ್ಸ್ ಎರಡನೇ ವರ್ಷ. ಮುಂದಿನ ತಿಂಗಳು ಬೆಂಗಳೂರಿನಲ್ಲಿ ಮಕ್ಕಳ ನ್ಯೂರಾಲಜಿ (ಮೆದುಳು-ನರಗಳ ವಿಭಾಗ) ಪೋಸ್ಟಿಂಗ್. ಈ ವಿಷಯ ಅಂದ್ರೆ ಮೊದಲಿಂದಲೂ ಭಯ. ಎಲ್ಲಿಂದ ಶುರು ಮಾಡಲಿ?

ಉತ್ತರ 1: ಅಪರೂಪದ ಸಿಂಡ್ರೋಮ್‌ಗಳು ಆಮೇಲೆ. ಮೊದಲು ಮೈಲ್‌ಸ್ಟೋನ್ (ಯಾವ ವಯಸ್ಸಿಗೆ ಮಗು ಏನೇನು ಕಲಿಯುತ್ತೆ ಅನ್ನೋದು) ಬಾಯಿಪಾಠ ಆಗಲಿ. ಆಮೇಲೆ ಫಿಟ್ಸ್. 5 ನಿಮಿಷ ದಾಟಿದರೆ ಸ್ಟೇಟಸ್ ಎಪಿಲೆಪ್ಟಿಕಸ್ (ತಾನಾಗಿ ನಿಲ್ಲದ ಫಿಟ್ಸ್) ಅಂತಲೇ ಟ್ರೀಟ್ ಮಾಡಬೇಕು. ಫಿಟ್ಸ್ ನಿಲ್ಲಿಸೋಕೆ ಲೋರಾಜೆಪಾಮ್ ಐವಿ (ರಕ್ತನಾಳಕ್ಕೆ) ಕೆ.ಜಿ.ಗೆ 0.1 ಮಿ.ಗ್ರಾಂ, ಐವಿ ಲೈನ್ ಸಿಗದಿದ್ದರೆ ಮಿಡಜೋಲಾಮ್ ಮೂಗಿಗೆ, ಕೆ.ಜಿ.ಗೆ 0.2 ಮಿ.ಗ್ರಾಂ. ಶುಗರ್ ನೋಡೋದು ಮರೀಬೇಡಿ. ರಾತ್ರಿ ಡ್ಯೂಟಿಯಲ್ಲಿ ಪುಸ್ತಕ ತೆರೆಯೋಕೆ ಸಮಯ ಇರೋದಿಲ್ಲ.

ಉತ್ತರ 2: ಹಿಸ್ಟರಿಗೆ ಜಾಸ್ತಿ ಸಮಯ ಕೊಡಿ. ನಮ್ಮ ಓಪಿಡಿಗೆ ಆರು ತಿಂಗಳ ಮಗು ಬಂದಿತ್ತು. "ನಿದ್ದೆಯಿಂದ ಎದ್ದ ಕೂಡಲೇ ಬೆಚ್ಚಿಬೀಳ್ತಾನೆ ಡಾಕ್ಟ್ರೇ. ತಲೆ ಬಗ್ಗುತ್ತೆ, ಕೈ ಮುಂದೆ ಬರುತ್ತೆ, ಒಂದಾದ ಮೇಲೊಂದು" ಅಂದ್ರು ತಾಯಿ. ಮನೆಯಲ್ಲಿ ಹೊಟ್ಟೆನೋವು ಅಂದ್ಕೊಂಡು ಗ್ರೈಪ್ ವಾಟರ್ ಕುಡಿಸ್ತಿದ್ರು. ನಗೋದನ್ನೂ ಬಿಟ್ಟಿದ್ದ. ಮೊಬೈಲ್ ವಿಡಿಯೋ ನೋಡಿದ ತಕ್ಷಣ ಇನ್ಫೆಂಟೈಲ್ ಸ್ಪಾಸಮ್ಸ್ (ಎಳೆ ಮಕ್ಕಳ ಒಂದು ಬಗೆಯ ಫಿಟ್ಸ್) ಅನುಮಾನ ಬಂತು. ಇಇಜಿಯಲ್ಲಿ (ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ಹಿಪ್ಸ್‌ಅರಿದ್ಮಿಯಾ, ಅಂದ್ರೆ ಈ ಕಾಯಿಲೆಯಲ್ಲಿ ಕಾಣೋ ಅಸ್ತವ್ಯಸ್ತ ಅಲೆಗಳು, ಇತ್ತು. ಇದರಲ್ಲಿ ಚಿಕಿತ್ಸೆ ತಡವಾದಷ್ಟೂ ಮಗುವಿನ ಬೆಳವಣಿಗೆಗೆ ಪೆಟ್ಟು. ಹಾಗಾಗಿ "ವಿಡಿಯೋ ಇದೆಯಾ?" ಅಂತ ಪ್ರತಿಯೊಬ್ಬರನ್ನೂ ಕೇಳಿ. ಇಲ್ಲ ಅಂದ್ರೆ ಮುಂದಿನ ಸಲ ತೆಗೆಯೋಕೆ ಹೇಳಿ.

ಉತ್ತರ 3: ಮೇಲಿನವರ ಮಾತು ನಿಜ. ಪರೀಕ್ಷೆ ಬಗ್ಗೆ ಒಂದು ಸೇರಿಸ್ತೀನಿ. ರಿಫ್ಲೆಕ್ಸ್ ನೋಡೋ ಸುತ್ತಿಗೆ ತೆಗೆಯೋ ಮುಂಚೆ ಮಗುವನ್ನು ಅಮ್ಮನ ಮಡಿಲಲ್ಲೇ ಬಿಟ್ಟು ಸುಮ್ನೆ ನೋಡಿ. ಅಳೋಕೆ ಶುರುವಾದರೆ ಟೋನ್ (ಸ್ನಾಯುಗಳ ಬಿಗಿತ) ಕೂಡ ಸರಿಯಾಗಿ ಸಿಗಲ್ಲ. ಒಂದು ಬಣ್ಣದ ಆಟಿಕೆ ಕೊಡಿ. ವರ್ಷ ತುಂಬುವ ಮೊದಲೇ ಯಾವಾಗಲೂ ಒಂದೇ ಕೈ ಚಾಚಿದರೆ, ಇನ್ನೊಂದು ಕೈಯಲ್ಲಿ ಶಕ್ತಿ ಕಮ್ಮಿ ಇದೆಯಾ ಅಂತ ಹುಡುಕಿ. ದೊಡ್ಡ ಹುಡುಗರನ್ನು ನೆಲದ ಮೇಲೆ ಕೂರಿಸಿ ಎಬ್ಬಿಸಿ. ತೊಡೆ ಮೇಲೆ ಕೈಯೂರಿಕೊಂಡು ಎದ್ದರೆ ಅದೇ ಗವರ್ಸ್ ಸೈನ್, ಸೊಂಟ-ತೊಡೆಯ ಸ್ನಾಯುಗಳ ಶಕ್ತಿ ಕಮ್ಮಿ ಇರೋದರ ಗುರುತು. ಜೇಬಲ್ಲಿ ಟೇಪ್ ಇರಲಿ, ಪ್ರತಿ ಮಗುವಿನ ತಲೆ ಸುತ್ತಳತೆ ನೀವೇ ಅಳೆಯಿರಿ.

ಉತ್ತರ 4: ಅಪ್ಪ-ಅಮ್ಮನ ಜೊತೆ ಮಾತಾಡೋದನ್ನೂ ಅಭ್ಯಾಸ ಮಾಡ್ಕೊಳ್ಳಿ. ಜ್ವರದ ಫಿಟ್ಸ್ 6 ತಿಂಗಳಿಂದ 5 ವರ್ಷದ ಮಕ್ಕಳಲ್ಲಿ ಬರುತ್ತೆ, ಹೆಚ್ಚಿನವರಿಗೆ ಮುಂದೆ ಮೂರ್ಛೆರೋಗ ಆಗಲ್ಲ. ಇದನ್ನು ಅವರ ಭಾಷೆಯಲ್ಲಿ ನಿಧಾನವಾಗಿ ಹೇಳಿ. ಕೈಗೆ ಬೀಗದಕೈ ಕೊಟ್ಟೆವು, ಈರುಳ್ಳಿ ಮೂಸಿಸಿದೆವು ಅಂತ ಹೇಳಿದರೆ ಬೈಬೇಡಿ ಪ್ಲೀಸ್. ಹೆದರಿದವರು ಗೊತ್ತಿದ್ದನ್ನು ಮಾಡಿರ್ತಾರೆ. ಪಕ್ಕಕ್ಕೆ ತಿರುಗಿಸಿ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಟೈಮ್ ನೋಡಿ ಅಂತ ಹೇಳಿಕೊಡಿ. ಆಮೇಲೆ ಅವರ ಬಾಯಲ್ಲೇ ಒಮ್ಮೆ ಹೇಳಿಸಿ.