ಮಂಗಳೂರಿಗೆ ಬಂದಮೇಲೆ ಓಟ ನಿಧಾನ ಆಗಿದೆ, ಲೇಹ್‌ನಲ್ಲಿ ಏನು ಗತಿ?

ಪ್ರಶ್ನೆ: ಬೆಂಗಳೂರಲ್ಲಿ ಹತ್ತು ಕಿಲೋಮೀಟರ್ 58 ನಿಮಿಷಕ್ಕೆ ಮುಗಿಸುತ್ತಿದ್ದೆ. ಏಪ್ರಿಲ್‌ನಲ್ಲಿ ವರ್ಗವಾಗಿ ಮಂಗಳೂರಿಗೆ ಬಂದೆ. ಈಗ 65 ನಿಮಿಷ ಆದರೂ ಮುಗಿಯುತ್ತಿಲ್ಲ. ಸಮುದ್ರ ಮಟ್ಟದಲ್ಲಿ ಆಮ್ಲಜನಕ ಜಾಸ್ತಿ, ವೇಗ ಹೆಚ್ಚಬೇಕಿತ್ತು ಅಲ್ವಾ? ಸೆಪ್ಟೆಂಬರ್‌ನಲ್ಲಿ ಲೇಹ್ ಹಾಫ್ ಮ್ಯಾರಥಾನ್‌ಗೂ ಹೆಸರು ಕೊಟ್ಟಿದ್ದೇನೆ. ಓಡಿದವರು ಹೇಳಿ.

ಮಂಗಳೂರಿನಿಂದ:
ನಿಮ್ಮ ಕಾಲಿಗೆ ಏನೂ ಆಗಿಲ್ಲ. ನಾನೂ ಬೆಂಗಳೂರು ಬಿಟ್ಟು ಇಲ್ಲಿಗೆ ಬಂದವನೇ, ಮೊದಲ ತಿಂಗಳು ಇದೇ ಕಥೆ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಇಳಿದು ಬಂದರೆ ಉಸಿರಿಗೆ ಸ್ವಲ್ಪ ಲಾಭ ಇರೋದು ನಿಜ. ಆ ಲಾಭವನ್ನೆಲ್ಲ ಇಲ್ಲಿನ ಸೆಕೆ ತಿಂದುಹಾಕುತ್ತದೆ. ಬೆವರು ಸುರಿದರೆ ಸಾಲದು, ಆರಬೇಕು. ಆರಿದರೇನೇ ಮೈ ತಣ್ಣಗಾಗೋದು. ಇಲ್ಲಿ ಗಾಳಿಯೇ ಒದ್ದೆ. ಆಗ ಹೃದಯ ಚರ್ಮಕ್ಕೂ ರಕ್ತ ಕಳಿಸಬೇಕು, ಕಾಲಿಗೂ ಕಳಿಸಬೇಕು. ಬೆವರು ಹೋದಷ್ಟೂ ಆ ರಕ್ತವೂ ಕಡಿಮೆಯಾಗುತ್ತದೆ. ಅದಕ್ಕೇ ಅದೇ ವೇಗದಲ್ಲಿ ಓಡುತ್ತಿದ್ದರೂ ಎದೆಬಡಿತ ಏರುತ್ತಾ ಹೋಗುತ್ತದೆ.

ಒಂದು ಮೇ ತಿಂಗಳ ಬೆಳಿಗ್ಗೆ ಐದೂವರೆಗೆ ಹೊರಟಿದ್ದೆ. ಇನ್ನೂ ಬಿಸಿಲೇ ಇರಲಿಲ್ಲ. ಆರನೇ ಕಿಲೋಮೀಟರ್ ಹೊತ್ತಿಗೆ ಕಾಲಿಂದ ಇಳಿದ ಬೆವರಿಗೆ ಸಾಕ್ಸ್ ನೆನೆದು, ಹೆಜ್ಜೆ ಇಟ್ಟಾಗೆಲ್ಲ ಶೂ ಪಚಪಚ ಅಂತಿತ್ತು. ಬೆಂಗಳೂರಲ್ಲಿ 150 ಇರುತ್ತಿದ್ದ ಎದೆಬಡಿತ 172. ಮನೆಗೆ ಬಂದು ತೂಕ ನೋಡಿದರೆ 1.3 ಕೆಜಿ ಇಳಿದಿತ್ತು. ಅವತ್ತಿನಿಂದ ವಾಚಿನಲ್ಲಿ ವೇಗ ನೋಡೋದನ್ನೇ ಬಿಟ್ಟೆ. ಎದೆಬಡಿತ 150 ದಾಟಿದರೆ ನಡೆಯುತ್ತಿದ್ದೆ. ದಿನಾ ಹೀಗೆ ನಿಧಾನಕ್ಕೆ ಓಡಿದರೆ ಎರಡು ವಾರದಲ್ಲಿ ಮೈ ಒಗ್ಗುತ್ತದೆ. ಎಸಿ ಜಿಮ್‌ನ ಟ್ರೆಡ್‌ಮಿಲ್ ಮೇಲೆ ಓಡಿದರೆ ಒಗ್ಗುವುದಿಲ್ಲ. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿಯಬೇಡಿ, ರಕ್ತದಲ್ಲಿ ಉಪ್ಪು ತೀರಾ ಇಳಿದರೆ ಅದೂ ಅಪಾಯ. ನಾನು ಪುನರ್ಪುಳಿ ಶರಬತ್ತಿಗೆ ಚಿಟಿಕೆ ಉಪ್ಪು ಹಾಕಿಕೊಳ್ಳುತ್ತೇನೆ. ತಲೆ ಸುತ್ತಿದರೆ, ಸೆಕೆಯಲ್ಲೂ ಮೈ ಜುಮ್ಮೆಂದು ಚಳಿಯಾದರೆ ಅಲ್ಲೇ ನಿಲ್ಲಿಸಿ, ನೆರಳಿಗೆ ಹೋಗಿ ತಲೆಗೆ ನೀರು ಸುರಿದುಕೊಳ್ಳಿ.

ದೋಹಾದಿಂದ:
2019ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇಲ್ಲಿ ಮಹಿಳೆಯರ ಮ್ಯಾರಥಾನನ್ನು ಸೆಕೆಗೆ ಹೆದರಿ ನಡುರಾತ್ರಿ ಓಡಿಸಿದರು. ಆದರೂ 68 ಜನರಲ್ಲಿ 28 ಜನ ಮುಗಿಸಲಿಲ್ಲ. ಗೆದ್ದ ರುತ್ ಚೆಪ್‌ನ್ಗೆಟಿಚ್ ತೆಗೆದುಕೊಂಡಿದ್ದು 2 ಗಂಟೆ 32 ನಿಮಿಷ. ಅದೇ ವರ್ಷದ ಜನವರಿಯಲ್ಲಿ ದುಬೈನಲ್ಲಿ ಅವರು 2 ಗಂಟೆ 17 ನಿಮಿಷಕ್ಕೆ ಓಡಿದ್ದರು. ನಿಮ್ಮ ಏಳು ನಿಮಿಷಕ್ಕೆ ಬೇಜಾರು ಮಾಡಿಕೊಳ್ಳಬೇಡಿ.

ಹಾಸನದಿಂದ:
ಲೇಹ್ ಬಗ್ಗೆ ನಾನು ಹೇಳುತ್ತೇನೆ. ಅಲ್ಲಿ ಗಾಳಿ ಒಣ, ಬೆವರು ತಕ್ಷಣ ಆರುತ್ತದೆ. ಕಷ್ಟ ಇರೋದು ಉಸಿರಿಗೆ. 3,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದ ಮೂರನೇ ಎರಡರಷ್ಟು ಮಾತ್ರ. ಎಷ್ಟು ಎಳೆದುಕೊಂಡರೂ ಒಂದೊಂದು ಉಸಿರಿಗೆ ಸಿಗೋದು ಅಷ್ಟೇ. ವಿಮಾನ ಇಳಿದ ದಿನ ಶೂ ಲೇಸ್ ಕಟ್ಟಲು ಬಗ್ಗಿ ಎದ್ದದ್ದಕ್ಕೇ ನನಗೆ ಏದುಸಿರು ಬಂದಿತ್ತು. ಮಂಗಳೂರಿನ ಸೆಕೆಗೆ ಒಗ್ಗಿದ್ದೇನೆ ಅಂತ ಇದನ್ನು ಹಗುರ ಮಾಡಬೇಡಿ. 1968ರ ಒಲಿಂಪಿಕ್ಸ್ ನಡೆದ ಮೆಕ್ಸಿಕೋ ಸಿಟಿ ನಮ್ಮ ಊಟಿಯಷ್ಟೇ ಎತ್ತರ, ಸುಮಾರು 2,240 ಮೀಟರ್. 10,000 ಮೀಟರ್ ವಿಶ್ವದಾಖಲೆ ಇದ್ದ ರಾನ್ ಕ್ಲಾರ್ಕ್ ಅಲ್ಲಿ ಆರನೆಯವರಾಗಿ ಗುರಿ ದಾಟಿ ಕುಸಿದುಬಿದ್ದರು. ಲೇಹ್ ಅದಕ್ಕಿಂತ ಎಷ್ಟೋ ಮೇಲಿದೆ.

ಹತ್ತು ದಿನ ಮೊದಲೇ ಹೋಗಿ. ಮೊದಲ ಎರಡು ದಿನ ಸುಮ್ನೆ ಮಲಗಿ, ಆಮೇಲೆ ನಡೆಯಿರಿ, ನಾಲ್ಕನೇ ದಿನ ಸ್ವಲ್ಪ ಓಡಿ. ಓಡುವಾಗ ಪಕ್ಕದವರ ಜೊತೆ ಒಂದು ವಾಕ್ಯ ಪೂರ್ತಿ ಆಡಲು ಆಗುವಷ್ಟೇ ವೇಗ ಸಾಕು. ಬೆಂಗಳೂರಲ್ಲಿ 2 ಗಂಟೆ 5 ನಿಮಿಷಕ್ಕೆ ಹಾಫ್ ಮುಗಿಸಿದ ನನಗೆ ಅಲ್ಲಿ 2 ಗಂಟೆ 48 ನಿಮಿಷ ಬೇಕಾಯಿತು. ಏರುಗಳನ್ನೆಲ್ಲ ನಡೆದೇ ಹತ್ತಿದೆ. ಹೊರಡುವ ಮೊದಲು ಡಾಕ್ಟರ್ ಹತ್ತಿರ ಮಾತಾಡಿ. ಅಲ್ಲಿ ತಲೆನೋವು ಜೋರಾಗಿ ವಾಂತಿ ಬಂದರೆ ಹೆಸರು ಕೊಟ್ಟಾಗಿದೆ ಅಂತ ಓಡಲು ನಿಲ್ಲಬೇಡಿ, ನೇರ ಆಸ್ಪತ್ರೆಗೆ ಹೋಗಿ.