ಸಹಾಯ ಬೇಕು: ಜೋಗಿಮಟ್ಟಿಯ ಮಣ್ಣಿನ ಮೈಟ್ ಹೊಸ ಜಾತಿಯೋ, ಹಳೆಯದೋ?

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗದ ಜೋಗಿಮಟ್ಟಿ ಕಾಡಿನ ತರಗೆಲೆ ಮತ್ತು ಮೇಲ್ಮಣ್ಣಿನಲ್ಲಿರುವ, ಜೇಡದ ಬಳಗದ ಅತಿ ಸಣ್ಣ ಜೀವಿಗಳಾದ ಒರಿಬ್ಯಾಟಿಡ್ ಮೈಟ್‌ಗಳ ಮೇಲೆ ಕೆಲಸ ಮಾಡುತ್ತಿದ್ದೇನೆ. ಅರಣ್ಯ ಇಲಾಖೆಯ ಅನುಮತಿ ಇದೆ. ಮಣ್ಣಿನಿಂದ ಇಂಥ ಜೀವಿಗಳನ್ನು ಹೊರತೆಗೆಯುವ ಬರ್ಲೀಸ್ ಫನಲ್‌ನಲ್ಲಿ ಬಲ್ಬ್ ಬಿಸಿಗೆ ಕೆಳಗಿಳಿದು ಆಲ್ಕೋಹಾಲ್‌ಗೆ ಬಿದ್ದವುಗಳಲ್ಲಿ ಗಲುಮ್ನಾ ಕುಲದ ಒಂದು ಮೈಟ್ ತಲೆ ತಿನ್ನುತ್ತಿದೆ.

ಸಾಸಿವೆ ಕಾಳಿಗಿಂತ ಸಣ್ಣದು, ಕಡುಕಂದು, ಪಕ್ಕಗಳಲ್ಲಿ ರೆಕ್ಕೆಯಂಥ ಮಡಿಕೆ. ಲ್ಯಾಕ್ಟಿಕ್ ಆಸಿಡ್‌ನಲ್ಲಿ ಇಟ್ಟು ತಿಳಿಯಾದ ಮೇಲೆ ಗುಳಿ ಸ್ಲೈಡಿನಲ್ಲಿ ಹೊರಳಿಸಿ ಹೊರಳಿಸಿ ಚಿತ್ರ ಬರೆದೆ. ಮೈಯ ಮುಂಭಾಗದ ಸಂವೇದಿ ರೋಮದ, ಅಂದರೆ ಸೆನ್ಸಿಲಸ್‌ನ, ಆಕಾರ ನನಗೆ ಸಿಕ್ಕ ಯಾವ ವಿವರಣೆಗೂ ಹೊಂದುತ್ತಿಲ್ಲ. ಖುಷಿಯಾಯ್ತು, ಸುಳ್ಳು ಹೇಳಲ್ಲ.

ತೊಡಕು ಬಂದಿದ್ದು ಬೆನ್ನಿನ ಚಿಪ್ಪಿನಲ್ಲಿ. ಅಲ್ಲಿ ಸೂಕ್ಷ್ಮ ರಂಧ್ರಗಳು ಗುಂಪಾಗಿರುವ ಪೊರೋಸ್ ಏರಿಯಾಗಳು ಈ ಕುಲದಲ್ಲಿ ಸಾಮಾನ್ಯವಾಗಿ ನಾಲ್ಕು ಜೋಡಿ ಇರುತ್ತವೆ, ಅಲ್ವಾ? ನನ್ನ ಕೆಲವು ಮೈಟ್‌ಗಳಲ್ಲಿ ಎರಡನೆಯದು ಒಡೆದು ಎರಡಾಗಿದೆ. ಅದೂ ಒಂದೇ ಪಕ್ಕದಲ್ಲಿ! ಇನ್ನೊಂದು ಪಕ್ಕ ಮಾಮೂಲಿಯಾಗಿದೆ. ಸೀನಿಯರ್ ಒಬ್ಬರು 'ಸುಮ್ನೆ ವ್ಯತ್ಯಾಸ' ಅಂದರು, ಇನ್ನೊಬ್ಬರು 'ಎರಡು ಜಾತಿ ಬೆರೆತಿವೆ' ಅಂದರು. ಒಂದೇ ಸ್ಯಾಂಪಲ್‌ನಲ್ಲಿ ಎರಡೂ ಥರದವು ಸಿಕ್ಕಿರುವುದರಿಂದ ಮೊದಲನೆಯದೇ ಸರಿ ಅನ್ನಿಸುತ್ತಿದೆ. ಆದರೆ ಹೊಸ ಜಾತಿ ಎಂದು ಹೆಸರಿಡುವಾಗ ಹೋಲೋಟೈಪ್ (ಆ ಹೆಸರಿಗೆ ಆಧಾರವಾಗುವ ಒಂದೇ ಮಾದರಿ) ಯಾವುದೆಂದು ಹೆಸರಿನ ಜೊತೆಗೇ ಸ್ಪಷ್ಟವಾಗಿ ಹೇಳಲೇಬೇಕು. ತಪ್ಪಿದರೆ ಜಾಸ್ತಿ ಗೊಂದಲ.

ಗಲುಮ್ನಾ ನೋಡಿದವರು ಹೇಳಿ: ಇಂಥ ಒಂದು ಪಕ್ಕದ ಒಡಕನ್ನು ಜಾತಿಯೊಳಗಿನ ವ್ಯತ್ಯಾಸ ಎಂದು ಬರೆದು, ಎರಡೂ ಪಕ್ಕ ಮಾಮೂಲಿ ಇರುವುದನ್ನೇ ಹೋಲೋಟೈಪ್ ಮಾಡಬಹುದಾ? ಅಥವಾ ಮೊದಲು ಡಿಎನ್ಎ ನೋಡಲೇಬೇಕಾ?